ಎಂಆರ್‌ಐ ಒಳಗೆ ಡೊಳ್ಳಿನ ದುರುಗಪ್ಪ

ಮಲ್ಲಟದ ದುರುಗಪ್ಪನ ಬಲಗಾಲು ಎಂಆರ್‌ಐ ಯಂತ್ರದೊಳಗೂ ಸುಮ್ಮನಿರಲಿಲ್ಲ. ಎರಡು ಸಲ ಚಿತ್ರ ತೆಗೆದೆ. ಎರಡು ಸಲವೂ ರಕ್ತನಾಳ ಇರಬೇಕಾದ ಜಾಗದಲ್ಲಿ ಬರೀ ಕಲಸಿದ ಅಂಬಲಿ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಯಜ್ಜಾ, ಕಾಲು ಅಲುಗಿಸಬ್ಯಾಡ ಅಂದಿದ್ನಿಲ್ಲ?" ಎಂದು ಮೈಕಿನಲ್ಲಿ ಗದರಿದೆ.

"ನಾ ಎಲ್ಲಿ ಅಲುಗಿಸೀನ್ರಿ ಬಾಯಾರ, ಅದಽ ಅಲುಗಾಕತ್ತದ!"

ಆ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ರಕ್ತ ಎಲ್ಲಿ ತಡೆದು ನಿಂತಿದೆ ಎಂದು ಕಾಣಿಸಿದರೆ ಡಾಕ್ಟರ್ ಸುಮಧ್ವ ಅಲ್ಲಿ ದಾರಿ ತೆರೆಯುತ್ತಾರೆ. ಕಾಣಿಸದಿದ್ದರೆ ಕಾಲು ಕತ್ತರಿಸುವುದೇ ಗತಿ. ಔಷಧಿ ಚುಚ್ಚಿದರೆ ನಾಳ ಎದ್ದು ಕಾಣುತ್ತದೆ, ಆದರೆ ಆತನ ಕಿಡ್ನಿ ಅದನ್ನು ತಾಳುವಂತಿರಲಿಲ್ಲ. ಉಳಿದದ್ದು ರಾಯಚೂರಿನ ನಮ್ಮ ಸ್ಕ್ಯಾನ್ ಸೆಂಟರಿಗೆ ಹೊಸದಾಗಿ ಬಂದಿದ್ದ ವಿಧಾನವೊಂದೇ. ಅದಕ್ಕೆ ಚುಚ್ಚುಮದ್ದು ಬೇಡ. ಎದೆಗೆ ಅಂಟಿಸಿದ ತಂತಿಯಿಂದ ಎದೆಬಡಿತ ತಿಳಿದು, ಪ್ರತಿ ಬಡಿತಕ್ಕೂ ಢಬ್ಬೆಂದು ಸದ್ದು ಮಾಡುತ್ತ, ಯಂತ್ರ ಹರಿಯುವ ರಕ್ತವನ್ನೇ ಚಿತ್ರದಲ್ಲಿ ಹಿಡಿಯುತ್ತದೆ. ಕಾಲು ಮಾತ್ರ ಕಲ್ಲಿನ ಹಾಗಿರಬೇಕು.

ದುರುಗಪ್ಪನ ಹೆಂಡತಿ ಬೂದೆಮ್ಮ ನನ್ನ ಪಕ್ಕ, ಗಾಜಿನ ಮುಂದೆ ನಿಂತಿದ್ದಳು. ಆ ಸದ್ದಿಗೆ ಆಕೆಯ ತಲೆಯೂ ತೂಗುತ್ತಿತ್ತು.

"ಡೊಳ್ಳು ಕೇಳಿದ್ರ ಕಾಲು ಸುಮ್ನ ಇರತಾವೇನ್ರೀ?" ಎಂದಳು. "ದೇವದುರ್ಗದಿಂದ ಮಾನ್ವಿತನಕ ಇವರ ಮ್ಯಾಳ ಕುಣೀಲಾರದ ಊರಿಲ್ಲ."

ಆಗ ಹೊಳೆಯಿತು. ಬಡಿತ ಆತನದೇ. ಅದನ್ನು ಕೇಳಿ ಆತನಿಗೆ ಹುರುಪು, ಹುರುಪಿಗೆ ಎದೆ ಜೋರು, ಯಂತ್ರ ಜೋರು, ಕಾಲೂ ಜೋರು! ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉಪಾಯವಿರಲಿಲ್ಲ. ನಗು ಬಂತು, ಭಯವೂ ಆಯಿತು.

"ಮ್ಯಾಳದಾಗ ಇವರು ಯಾವಾಗಾದ್ರೂ ನಿಂದರ್ತಾರೇನವ್ವಾ?" ಎಂದು ಕೇಳಿದೆ.

"ಹಾಡು ಹೇಳೂಮುಂದ. ಹಾಡು ಮುಗಿಯೋತನಕ ಡೊಳ್ಳು ಸಣ್ಣಗ ಬಾರಿಸ್ತಾರ, ಹೆಜ್ಜಿ ಎತ್ತಂಗಿಲ್ಲ. ಎತ್ತಿದ್ರ ಬೀರಪ್ಪದೇವ್ರು ಸಿಟ್ಟಾಗ್ತಾನ."

ಮೈಕು ಆಕೆಯ ಬಾಯಿಗೆ ಹಿಡಿದೆ. ಬೂದೆಮ್ಮ ಸೆರಗು ಸರಿಮಾಡಿಕೊಂಡು ಬೀರಪ್ಪನ ಹಾಡು ಎತ್ತಿದಳು. ಯಂತ್ರ ಬಡಿಯುತ್ತಲೇ ಇತ್ತು, ಕಾಲು ಮಾತ್ರ ನಿಂತುಬಿಟ್ಟಿತು. ತೆರೆಯ ಮೇಲೆ ತೊಡೆಯಿಂದ ನಾಳ ಬೆಳ್ಳಗೆ ಇಳಿಯತೊಡಗಿತು. ಇನ್ನೇನು ಮೊಣಕಾಲು ಬರಬೇಕು, ಆಕೆಗೆ ಕೆಮ್ಮು ಹತ್ತಿತು. ಹೆಬ್ಬೆರಳು ಕದಲುವ ಮೊದಲೇ ಮೈಕು ಕಿತ್ತುಕೊಂಡು, ನಮ್ಮಜ್ಜಿ ಸತ್ಯಭಾಮಾಬಾಯಿ ಕಲಿಸಿದ ದೇವರನಾಮ ಶುರುಮಾಡಿದೆ. ನನ್ನ ಶ್ರುತಿ ಕೇಳಿದ್ದರೆ ಅಜ್ಜಿ ಎದ್ದು ಹೋಗುತ್ತಿದ್ದಳು. ಬೀರಪ್ಪ ಹೇಗೋ ಸಹಿಸಿಕೊಂಡ, ಕಾಲು ಅಲುಗಲಿಲ್ಲ.

ಸುಮಧ್ವ ಬಂದು ತೆರೆಗೆ ಮುಖವಿಟ್ಟು ನೋಡಿದರು. ಮೊಣಕಾಲಿನ ಕೆಳಗೆ ಬೆರಳಗಲದ ಕತ್ತಲೆ. ಅದರಾಚೆ ಪಾದದ ತನಕ ನಾಳ ಚೆನ್ನಾಗಿಯೇ ಇತ್ತು.

"ದಾರಿ ಸಿಕ್ತು ನೋಡು ಪೂರ್ಣಶ್ರೀ. ಕಾಲು ಉಳಸಬಹುದು," ಎಂದರು. ನನಗೆ ಕಣ್ಣು ತುಂಬಿ ಬಂತು.

ಯಂತ್ರ ನಿಲ್ಲಿಸಿ ಒಳಗೆ ಹೋದೆ. ದುರುಗಪ್ಪ ಕಣ್ಣುಮುಚ್ಚಿ ಅಲುಗದೆ ಮಲಗಿದ್ದ.

"ಯಜ್ಜಾ, ಆ ಡೊಳ್ಳು ಬಾರಿಸಿದ್ದು ನಿನ್ನ ಎದಿನಽ. ಕಾಲು ಉಳೀತದಂತ, ಏಳು."

"ಹಾಡು ಮುಗದಿಲ್ಲಲ್ರೀ ಬಾಯಾರ," ಎಂದ, ತುಟಿ ಮಾತ್ರ ಆಡಿಸಿ.

ಗಾಜಿನಾಚೆ ಬೂದೆಮ್ಮ ಅಳುತ್ತಿದ್ದಳು. ಮೂಗೊರೆಸಿಕೊಂಡು ಮೈಕು ಹಿಡಿದಳು, ಕೆಮ್ಮಿನಲ್ಲಿ ಬಿಟ್ಟುಹೋಗಿದ್ದ ಕಡೆಯ ನುಡಿ ಹಾಡಿ ಮುಗಿಸಿದಳು. ಆ ಕಪ್ಪು ಹೆಬ್ಬೆರಳು ಮೆಲ್ಲಗೆ ತಾಳ ಹಾಕತೊಡಗಿತು. ಈ ಸಲ ನಾನು ಗದರಲಿಲ್ಲ.