ಕಾಂತರಾಜ್ ಮೇಷ್ಟ್ರು ಓದದೆ ಸಹಿ ಹಾಕಿದ ಎರಡು ಪತ್ರ

ವಿಮಾನ ಹತ್ತಲು ಇನ್ನು ನಾಲ್ಕೇ ದಿನ ಉಳಿದಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮಗಳು ಪ್ರಿಯಂವದಾ ನೆಂಟರಿಷ್ಟರ ಮನೆಗೆಲ್ಲ ಹೋಗಿ ಹೇಳಿ ಬಂದಿದ್ದಳು, ಭದ್ರಾವತಿಯ ಸಮತಾಳ ಮನೆಯೊಂದನ್ನು ಬಿಟ್ಟು. ಇವತ್ತು ತಲೆನೋವು, ನಾಳೆ ಬ್ಯಾಂಕಿನ ಕೆಲಸ ಎಂದು ಅವಳು ಮುಂದೂಡುತ್ತಲೇ ಇದ್ದಳು. ಮೂರು ವರ್ಷ ಆ ಮನೆಯ ಅನ್ನ ಉಂಡವಳು ಹೇಳದೆ ಹೋದರೆ ಚೆನ್ನಾಗಿರುತ್ತದೆಯೇ ಎಂದು ಗದರಿ ಅವಳ ಅಮ್ಮನೇ ಬೆಳಿಗ್ಗೆ ಬಸ್ಸು ಹತ್ತಿಸಿದ್ದರು. ಮಗಳು ಉಂಡ ಮನೆಯ ಗಳ ಹಿರಿದವಳೆಂದು ಪಾಪ ಆ ತಾಯಿಗೇನು ಗೊತ್ತು?

ಹಿರಿದ ಬಗೆ ಹೀಗೆ. ಒಟ್ಟಿಗೆ ಬಿ.ಎಸ್ಸಿ. ಮುಗಿಸಿದ ಗೆಳತಿಯರಿಬ್ಬರೂ ಪರಿಸರ ನಿರ್ವಹಣೆಯಲ್ಲಿ ಎಂ.ಎಸ್ಸಿ. ಮಾಡಲು ನೆದರ್ಲೆಂಡ್ಸಿನ ಒಂದೇ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದರು. ಫೀಜು, ಊಟ, ವಸತಿ ಎಲ್ಲವನ್ನೂ ಕೊಡುವ ಸ್ಕಾಲರ್‌ಶಿಪ್ ಇಡೀ ಭಾರತಕ್ಕೆ ಒಂದೇ. ಅದು ಸಿಗದಿದ್ದರೆ ಪ್ರಿಯಂವದಾಳಿಗೆ ಅಪ್ಪನ ಅಂಗಡಿ ಇತ್ತು. ಸಮತಾಳಿಗೆ ಏನೂ ಇರಲಿಲ್ಲ.

ಅರ್ಜಿಯ ಜೊತೆ ಗುರುಗಳ ಶಿಫಾರಸು ಪತ್ರ ಬೇಕಿತ್ತು. ನಮ್ಮಲ್ಲಿ ಅಂಥ ಪತ್ರಗಳು ಹುಟ್ಟುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಕಾಂತರಾಜ್ ಮೇಷ್ಟ್ರು ಮೌಲ್ಯಮಾಪನದ ಕಟ್ಟಿನಿಂದ ತಲೆಯನ್ನೂ ಎತ್ತದೆ, "ನೀವೇ ಬರ್ಕೊಂಡ್ ಬನ್ರಮ್ಮ, ಸೈನ್ ಹಾಕ್ತೀನಿ" ಎಂದರು. ಪತ್ರ ಮೇಷ್ಟ್ರ ಇ-ಮೇಲಿನಿಂದಲೇ ಹೋಗಬೇಕು ಅಂದಾಗ ಪಾಸ್‌ವರ್ಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟು ಕೈ ತೊಳೆದುಕೊಂಡರು. ಸಮತಾ, "ನಿನ್ ಇಂಗ್ಲಿಷ್ ಚೆನ್ನಾಗಿದೆ, ನಂದೂ ನೀನೇ ಬರಿ ಮಾರಾಯ್ತಿ" ಎಂದು ಬಸ್ಸು ಹತ್ತಿದಳು.

ಪ್ರಿಯಂವದಾ ಮೊದಲು ಬರೆಯಲು ಕೂತದ್ದು ಗೆಳತಿಯ ಪತ್ರವನ್ನೇ. ಬರೆಯಲು ಬೇಕಾದಷ್ಟಿತ್ತು. ಹೊಳೆ ಎಷ್ಟು ಕೆಟ್ಟಿದೆಯೆಂದು ಅಳೆಯಲು ಎರಡು ವರ್ಷ ಒಂದು ಭಾನುವಾರವೂ ತಪ್ಪದೆ ಸಮತಾ ಅಪ್ಪನ ಟಿವಿಎಸ್‌ನಲ್ಲಿ ಭದ್ರಾ ಹೊಳೆಯ ಐದು ಕಡೆ ಹೋಗಿ ಬಾಟಲಿಗೆ ನೀರು ತುಂಬಿಸುತ್ತಿದ್ದಳು. ಮೀನಿನ ಅಂಗಡಿಯಲ್ಲಿ ಬೇಡಿ ತಂದ ಐಸಿನೊಳಗೆ ಬಾಟಲಿಗಳನ್ನಿಟ್ಟು, ಅದು ಕರಗುವುದರೊಳಗೆ ಶಿವಮೊಗ್ಗದ ಲ್ಯಾಬಿಗೆ ಮುಟ್ಟಿಸುತ್ತಿದ್ದಳು. ಜ್ವರ ಬಂದು ಮಲಗಿದ ಒಂದು ವಾರ ಅವಳ ಅಪ್ಪ ರಂಗಪ್ಪನವರೇ ಪಂಚೆ ಎತ್ತಿಕಟ್ಟಿ ಹೊಳೆಗಿಳಿದು ಐದೂ ಬಾಟಲಿ ತುಂಬಿಸಿ ತಂದಿದ್ದರು. ಇದೆಲ್ಲ ಒಂದೇ ಉಸಿರಿಗೆ ಎರಡು ಪುಟವಾಯಿತು.

ಆಮೇಲೆ ತನ್ನ ಪತ್ರಕ್ಕೆ ಕೂತಳು. ನಾಲ್ಕು ಸಾಲು ದಾಟಲಿಲ್ಲ. ಶಿಸ್ತಿನ ಹುಡುಗಿ, ವಿಧೇಯಳು, ಹಾಜರಾತಿ ಚೆನ್ನಾಗಿದೆ. ಅಷ್ಟೇ. ಓದಿ ನೋಡಿದರೆ ಅವಳಿಗೇ ತನ್ನ ಮೇಲೆ ಕನಿಕರ ಬಂತು, ಕನಿಕರದ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಸುಮ್ಮನೆ ನೋಡೋಣವೆಂಬಂತೆ ಎರಡು ಪುಟದ ಪತ್ರದಲ್ಲಿ ಹೆಸರು ಬದಲಿಸಿದಳು. ನಾಲ್ಕು ಸಾಲಿನದಕ್ಕೆ ಸಮತಾಳ ಹೆಸರು ಹಾಕಿದಳು. ಮರುದಿನ ಮೇಷ್ಟ್ರು ಎರಡಕ್ಕೂ ಒಂದೇ ಚಂದದ ಸಹಿ ಹಾಕಿದರು, ಅವರ ಇ-ಮೇಲಿನಿಂದ ಇವಳೇ ಎರಡನ್ನೂ ಕಳಿಸಿದಳು.

ಸ್ಕಾಲರ್‌ಶಿಪ್ ಪ್ರಿಯಂವದಾಳಿಗೇ ಬಂತು. ಆನ್‌ಲೈನ್ ಸಂದರ್ಶನದಲ್ಲಿ ಆ ಕಡೆಯ ಹೆಂಗಸು, ಮಗಳಿಗಾಗಿ ಹೊಳೆಗಿಳಿದ ನಿಮ್ಮ ತಂದೆ ದೊಡ್ಡವರು ಎಂದು ಮೆಚ್ಚಿಕೊಂಡಾಗ ಇವಳು ಹೌದೆಂದು ತಲೆಯಾಡಿಸಿದ್ದಳು. ಇವಳ ಅಪ್ಪ ಭದ್ರಾ ಹೊಳೆಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ಕಾಗದದ ಮಿಲ್ಲು ನಿಂತ ಮೇಲೆ ಭದ್ರಾವತಿಯ ಕಾಗದನಗರದಲ್ಲಿ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ಸಮತಾಳ ಮನೆಯ ಬಾಗಿಲು ಮಾತ್ರ ಹಾರು ಹೊಡೆದಿತ್ತು. ಮಿಲ್ಲಿನ ಕೆಲಸದಿಂದ ನಿವೃತ್ತರಾದ ರಂಗಪ್ಪನವರು ಕುರ್ಚಿ ಒರೆಸಿ ಕೂರಿಸಿದರು. ಅವರ ಹೆಂಡತಿ ಕರಿಬಸಮ್ಮ, ಅಲ್ಲಿ ಅನ್ನಕ್ಕೆ ಕಲಸಿಕೊಳ್ಳಲು ಬೇಕಲ್ಲ ಎಂದು ಚಟ್ನಿಪುಡಿ ಕಟ್ಟಲು ಒಳಗೆ ಹೋದರು. ಸಮತಾ ಪಕ್ಕದಲ್ಲಿ ಕೂತು, ಸ್ವೆಟರ್ ತಗೊಂಡೆಯಾ, ಅಲ್ಲಿ ಚಳಿಯಂತೆ ಎಂದೆಲ್ಲ ವಿಚಾರಿಸಿದಳು. ಅವಳ ದನಿಯಲ್ಲಿ ಒಂದಿಷ್ಟೂ ಹುಳಿ ಇರಲಿಲ್ಲ. ಒಂದಿಷ್ಟು ಇದ್ದಿದ್ದರೆ ಪ್ರಿಯಂವದಾಳಿಗೆ ಉಸಿರಾಡಲು ಸುಲಭವಾಗುತ್ತಿತ್ತು.

ರಂಗಪ್ಪನವರಿಗೆ ಬಹಳ ದಿನದಿಂದ ಒಂದು ಆಸೆ ಇತ್ತಂತೆ. ಸಂಕೋಚದಿಂದಲೇ ಹೇಳಿದರು. "ಮಗಾ, ಮೇಷ್ಟ್ರು ಇವಳ ಬಗ್ಗೆ ಏನೋ ಕಾಗದ ಬರ್ದಿದ್ರಂತಲ್ಲ. ನಿನ್ ಹತ್ರ ಇದ್ರೆ ಕನ್ನಡದಾಗೆ ಒಂದ್ ಸಲ ಓದಿ ಹೇಳು. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ, ದೊಡ್ಡೋರು ಏನಂದ್ರು ಅಂತನಾದ್ರೂ ಕೇಳ್ತೀನಿ."

ಮೊಬೈಲಿನಲ್ಲಿ ಎರಡೂ ಪತ್ರಗಳಿದ್ದವು. ಫೋನ್ ಹಾಳಾಗಿದೆ ಎನ್ನಬಹುದಿತ್ತು, ಅಳಿಸಿಬಿಟ್ಟೆ ಎನ್ನಬಹುದಿತ್ತು. ನಾಲ್ಕು ಸಾಲಿನದನ್ನೇ ತೆರೆದಳು. ಶಿಸ್ತಿನ ಹುಡುಗಿ, ವಿಧೇಯಳು. ಎದುರಿಗೆ ಕೈಕಟ್ಟಿ, ತಲೆ ಮುಂದೆ ಚಾಚಿ ಕೂತ ಆ ಮುಖಕ್ಕೆ ಅದನ್ನು ಓದಿ ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಅದನ್ನು ಮುಚ್ಚಿ ಇನ್ನೊಂದನ್ನು ತೆರೆದಳು. ತನ್ನ ಹೆಸರು ಬಂದ ಕಡೆಯಲ್ಲೆಲ್ಲ ಸಮತಾ ಎಂದು ಓದುತ್ತ ಹೋದಳು.

ಭಾನುವಾರಗಳು ಬಂದವು, ಮೀನಂಗಡಿಯ ಐಸು ಬಂತು. ಸಮತಾ ನಾಚಿ ಕೆಳಗೆ ನೋಡುತ್ತಿದ್ದಳು. ಜ್ವರದ ವಾರ ಬಂದಾಗ ರಂಗಪ್ಪನವರು ತಡೆದರು. "ನನ್ ವಿಷಯಾನೂ ಬರ್ದಿದಾರಾ?"

"ಬರ್ದಿದಾರೆ ಅಂಕಲ್."

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವರು ಕೇಳಿದ್ದು ಯಾರಾದರೂ ಕೇಳಬಹುದಾದ ಮಾತೇ. "ಇಷ್ಟ್ ಚೆನ್ನಾಗಿ ಬರ್ದಿದ್ರೂ ಮತ್ಯಾಕೆ ಸಿಗ್ಲಿಲ್ಲ ಮಗಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದವರೂ ಇರಲಿಲ್ಲ. ಪ್ರಿಯಂವದಾ ತಾನಾಗಿ ಮೊಬೈಲನ್ನು ಸಮತಾಳ ಕೈಗಿಟ್ಟಳು.

ಸಮತಾ ಮೊದಲ ಸಾಲಿನಿಂದ ಕೊನೆಯವರೆಗೂ ಓದಿದಳು. ಮೇಲಕ್ಕೆ ಹೋಗಿ ಹೆಸರನ್ನು ಮತ್ತೊಮ್ಮೆ ನೋಡಿದಳು. ಅಪ್ಪ ಏನಂತೆ ಎಂದಾಗ ಅವಳು ಪ್ರಿಯಂವದಾಳ ಕಡೆಗೆ ತಿರುಗಿದಳು.

ಹೇಳಬೇಕಾದವಳು ತಾನೇ ಎಂದು ಪ್ರಿಯಂವದಾಳಿಗೆ ತಿಳಿಯಿತು. "ಇವಳಿಗೆ ಅಂತ ಬರ್ದಿದ್ದು ನಾನೇ ಅಂಕಲ್. ಆಮೇಲೆ ನನ್ ಹೆಸರು ಹಾಕಿ ಕಳ್ಸಿದೆ. ಇವಳ ಹೆಸರಲ್ಲಿ ಬೇರೆ ಹೋಯ್ತು, ನಾಲ್ಕ್ ಸಾಲು."

ರಂಗಪ್ಪನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬೈಯಲಿಲ್ಲ. "ಹಂಗಾದ್ರೆ ಹೊಳೆಗಿಳಿದಿದ್ದು ನಿಮ್ಮಪ್ಪ ಅಂತ ಬರ್ದಿದೀಯಾ?" ಎಂದಷ್ಟೇ ಕೇಳಿದರು.

ಅವಳು ಹೂಂ ಎಂದಳು. ಆ ಒಂದು ಹೂಂಗಿಂತ ಕಪಾಳಕ್ಕೆ ಎರಡೇಟು ತಿನ್ನುವುದು ಮೇಲಾಗಿತ್ತು.

ಏನೂ ತಿಳಿಯದ ಕರಿಬಸಮ್ಮ ಒಳಗಿನಿಂದ ಬಂದು, ಎರಡೆರಡು ಕವರು ಹಾಕಿದ್ದೀನಿ, ಪುಡಿ ಚೆಲ್ಲಲ್ಲ ಎಂದು ಚಟ್ನಿಪುಡಿಯ ಪೊಟ್ಟಣವನ್ನು ಚಾಚಿದರು. ಸಮತಾ ನಡುವೆಯೇ ಅದನ್ನು ಇಸಿದುಕೊಂಡು ಟೇಬಲ್ಲಿನ ಮೇಲಿಟ್ಟಳು. ಮೊಬೈಲನ್ನು ಪ್ರಿಯಂವದಾಳ ತೊಡೆಯ ಮೇಲೆ ಹಾಕಿದಳು.

"ಆ ಯೂನಿವರ್ಸಿಟಿಯೋರಿಗೆ ಬರಿ. ನಡೆದಿದ್ದಷ್ಟೂ ಬರಿ, ಈಗ್ಲೇ. ಕಳ್ಸೋ ಮುಂಚೆ ನಾನ್ ಓದ್ತೀನಿ. ಈ ಸಲ ಓದ್ದೆ ಹೋಗೋದ್ ಬೇಡ."

ಹಾಗೆ ಬರೆದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಪ್ರಿಯಂವದಾಳ ಸ್ಕಾಲರ್‌ಶಿಪ್ಪೂ ಹೋಗುತ್ತದೆ, ಅದು ಸಮತಾಳಿಗೆ ಬರುತ್ತದೆಂಬ ಭರವಸೆಯೂ ಇಲ್ಲ. ಪ್ರಿಯಂವದಾ ಟೈಪು ಮಾಡಿದಳು. ಶಿಫಾರಸು ಪತ್ರದಲ್ಲಿರುವ ಕೆಲಸ ತನ್ನದಲ್ಲ, ತನ್ನ ಗೆಳತಿಯದು ಎಂದು ಮೊದಲ ಸಾಲು ಬಿತ್ತು. ಸಮತಾ ಬಗ್ಗಿ ಓದಿದಳು.

"ನನ್ ಹೆಸರು ಆಮೇಲೆ ಹಾಕೀಯಂತೆ," ಎಂದಳು. "ಮೊದ್ಲು ನಮ್ಮಪ್ಪನ ಹೆಸರು ಹಾಕು."

ಪ್ರಿಯಂವದಾ ಹಾಕಿದಳು.