ತೊಗಲು ಹೊದ್ದ ಮರಿ

“ಬಾಯಿ ಮುಚ್ಚಬೇ ರಂಡಿ! ಸಾಹೇಬ್ರ ಮುಂದ ಕೆಮ್ಮಿದ್ರೂ ನಾಲಿಗಿ ಕೀಳ್ತೀನಿ!”

ಜಂಬಣ್ಣ ಕುರಿ ಕಾಯುವ ಕರೆಮ್ಮನ ಕೈಯ ಕೋಲನ್ನು ಕಿತ್ತು ಜಾಲಿಮುಳ್ಳಿನೊಳಗೆ ಎಸೆದ.

ಪೋತ್ನಾಳದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಜಂಬಣ್ಣನಿಗೆ ಚೀಕಲಪರ್ವಿಯ ಹೊಳೆದಂಡೆಯ ಗಾಯರಾಣ, ಊರ ದನಕುರಿ ಮೇಯುವ ಸರಕಾರಿ ಹುಲ್ಲುಗಾವಲು, ಬೇಕಾಗಿತ್ತು. ನೆಲ ಸಮ ಮಾಡಿ, ಕಾಲುವೆ ನೀರು ಹಾಯಿಸಿ ಭತ್ತ ಬೆಳೆಯಬಹುದು. ಅಲ್ಲಿ ಚಿಗರಿಗಳಿದ್ದರೆ, ಅಂದರೆ ಜಿಂಕೆಗಳಿದ್ದರೆ, ಸರಕಾರ ಕೊಡುವುದಿಲ್ಲವೆಂದು ತಿಳಿದದ್ದೇ, ನಾಯಿ ಬಿಟ್ಟು ಅವುಗಳ ಹಿಂಡನ್ನೇ ಕೊಲ್ಲಿಸಿದ್ದ. ಇಂದು ಕಾಡುಪ್ರಾಣಿಗಳ ನೆಲೆ ಇದೆಯೋ ಇಲ್ಲವೋ ನೋಡಲು ರಾಯಚೂರಿನಿಂದ ಅರಣ್ಯ ಇಲಾಖೆಯ ಸಾಹೇಬ ಬಂದಿದ್ದ. ಕರೆಮ್ಮನ ಕುರಿಗಳಿಗೆ ಈ ಹುಲ್ಲು ಬಿಟ್ಟರೆ ಬೇರೆ ಹುಲ್ಲಿರಲಿಲ್ಲ.

ಸಾಹೇಬ ಜೀಪಿನಿಂದ ಇಳಿಯಲೇ ಇಲ್ಲ. “ಪ್ರಾಣಿಗಿಣಿ ಏನಾದರೂ ಇವೆಯೇನ್ರೀ?”

ಜಂಬಣ್ಣ ಕರೆಮ್ಮನತ್ತ ಕೈ ಮಾಡಿದ. “ಇಕಾ, ಇವ ಅದಾವ ನೋಡ್ರಿ, ಎರಡು ಕಾಲಿನವು. ಹಾರನ್ ಹೊಡದ್ರ ಓಡ್ತಾವ.”

ಇಬ್ಬರೂ ನಕ್ಕರು.

ಕರೆಮ್ಮ ತನ್ನ ಕುರಿಹಿಂಡಿನೊಳಗೆ ನಡೆದಳು. ಮೊನ್ನೆ ಅಲ್ಲೊಂದು ಕುರಿಯ ಮರಿ ಹುಟ್ಟುತ್ತಲೇ ಸತ್ತಿತ್ತು. ನಾಯಿಗಳು ತಾಯಿಚಿಗರಿಯನ್ನು ಹರಿದ ಮೇಲೆ ಪೊದೆಯಲ್ಲಿ ನಡುಗುತ್ತಿದ್ದ ಅದರ ಕೂಸಿಗೆ, ಸತ್ತ ಕುರಿಮರಿಯ ತೊಗಲು ಕಟ್ಟಿ, ಆ ಕುರಿಯ ಮೊಲೆಗೆ ಬಿಟ್ಟಿದ್ದಳು. ತಬ್ಬಲಿ ಕುರಿಮರಿಗಳಿಗೆ ಅವಳ ಅವ್ವ ಮಾಡುತ್ತಿದ್ದದ್ದೂ ಹೀಗೆಯೇ. ವಾಸನೆಗೆ ಕುರಿ ಮೋಸ ಹೋಗುತ್ತದೆ ಅನ್ನುತ್ತಾರೆ. ಕರೆಮ್ಮ ಅದನ್ನು ನಂಬಿರಲಿಲ್ಲ; ಕುರಿ ಗೊತ್ತಿದ್ದೇ ಮೊಲೆ ಕೊಡುತ್ತದೆ ಅಂದುಕೊಂಡಿದ್ದಳು. ತನ್ನ ಕೂಸನ್ನು ಹೂತು ಬಂದ ದಿನ ಕುಪ್ಪಸ ತೊಯ್ದು ಎದೆ ಸಿಡಿಯುತ್ತಿದ್ದಾಗ, ಯಾರಾದರೂ ಇಂಥ ಮೋಸ ಮಾಡಬಾರದೆ ಎಂದು ಅವಳೂ ಬಯಸಿದ್ದಳು.

ಹುರಿ ಬಿಚ್ಚಿ ತೊಗಲು ಕಿತ್ತಳು. ಕಂದು ಬೆನ್ನಿನ, ಬಿಳಿ ಹೊಟ್ಟೆಯ ಚಿಗರಿ ಮರಿ ಬಿಸಿಲಲ್ಲಿ ನಿಂತಿತು.

“ಇದೇನ್ರಿ ಸಾಹೇಬ್ರ? ಇದೂ ಓಡ್ತದ. ಆದ್ರ ಇಲ್ಲೇ ಹುಟ್ಟೇದ.”

ಜಂಬಣ್ಣನ ಮುಖ ಬಿಳಿಚಿತು. ಸಾಹೇಬ ಈಗ ಇಳಿದು, ಮರಿಯ ಹಾಲು ಮೆತ್ತಿದ ಬಾಯಿ ನೋಡಿದ.

“ಕುರಿ ಹಾಲು ಕುಡಿಯುತ್ತೆ. ಸಾಕಿದ್ದು ಕಾಡಿನದು ಹೇಗಾಗುತ್ತೆ? ಚಿಗರಿ ಹಿಡಿದಿಟ್ಟುಕೊಳ್ಳೋದು ಅಪರಾಧ ಕಣಮ್ಮಾ, ಜೈಲಿದೆ. ಹಾಕ್ರೀ ಇದನ್ನ ಜೀಪಿಗೆ.”

“ಎಳೇದದ ಸಾಹೇಬ್ರ,” ಜಂಬಣ್ಣನಿಗೆ ಉಸಿರು ಬಂದಿತ್ತು. “ಗಿರಣ್ಯಾಗ ಅಡಗಿಯವ ಅದಾನ. ಉಂಡೇ ಹೋಗ್ರಿ.”

ಡ್ರೈವರ್ ನಾಲ್ಕೂ ಕಾಲು ಕಟ್ಟಿ ಮರಿಯನ್ನು ಜೀಪಿನ ಹಿಂಬದಿಗೆ ಎಸೆದ. ಹಾಲು ಕುಡಿಸಿದ ಕುರಿ ಅರಚುತ್ತ ಜೀಪು ಸುತ್ತಿತು.

ಕರೆಮ್ಮ ಮುಳ್ಳಿನೊಳಗೆ ಕೈಹಾಕಿ ಕೋಲು ತೆಗೆದಳು. ಮೊಣಕೈವರೆಗೆ ರಕ್ತ. ಹುರ್ರ್ ಎಂದು ಕೂಗಿದ್ದೇ, ಹಿಂಡೆಲ್ಲ ಬಂದು ಬಂಡಿದಾರಿ ತುಂಬಿತು. ಅವಳು ಜೀಪಿನ ಎದುರಿಗೇ ತೊಗಲು ಹಾಸಿ ಕುಳಿತಳು.

“ಹೊಡೀರೋ ನಿಮ್ಮ ಹಾರನ್ನು. ಯಾರು ಓಡ್ತಾರ ನೋಡೂನು.”

ಡ್ರೈವರ್ ಹಾರನ್ ಹೊಡೆದ. ಕುರಿ ಬಂದು ಅವಳ ಕೆಳಗಿನ ತೊಗಲನ್ನು ಮೂಸಿತು. ಜೀಪು ಗುರುಗುಟ್ಟಿ ಮುಂದಕ್ಕೆ ಸರಿಯಿತು; ಬಂಪರಿನ ಬಿಸಿ ಅವಳ ಹಣೆಗೆ ತಾಕಿತು.

ಅವಳು ಏಳಲಿಲ್ಲ.