ಹೆಸರು ಹೇಳದ ಕಲೆ

ಮೂವತ್ತು ವರ್ಷ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ ಈಗ ಮನೆಯಲ್ಲಿ ಕೂತಿದ್ದ ಮಾವನಿಗೆ ಒಂದು ಜಂಬವಿತ್ತು. ಕಲೆ ಯಾವುದರದ್ದೆಂದು ಹೇಳಿದರೆ ಸಾಕು, ತೆಗೆಯುವುದು ಅವರಿಗೆ ಎಡಗೈ ಕೆಲಸ. ಹಾಗಾಗಿ ಸೊಸೆ ಕೆನೆಬಣ್ಣದ ರೇಷ್ಮೆ ಅಂಗಿ ತಂದು, ಟೀ ಚೆಲ್ಲಿತು, ನಾಳೆ ತಂಗಿಯ ಮದುವೆಗೆ ಇದೇ ಬೇಕು ಅಂದಾಗ ಹಿಗ್ಗಿಹೋದರು.

ಒಳಹೊಲಿಗೆಯ ಮೇಲೆ ವಿನಿಗರ್ ನೀರಿನ ಒಂದು ಹನಿ ಬಿಟ್ಟರು. ಬಟ್ಟೆಯ ಬಣ್ಣ ಹೋಗಲಿಲ್ಲ. ಕಲೆಯ ಕೆಳಗೆ ಬಿಳಿ ಬಟ್ಟೆ ಇಟ್ಟು ಮೆಲ್ಲಗೆ ಒತ್ತಿದರು. ರೇಷ್ಮೆಯನ್ನು ಉಜ್ಜುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಟೀ ಆಗಿದ್ದರೆ ಬಿಳಿ ಬಟ್ಟೆಗೆ ಇಳಿಯಬೇಕಿತ್ತು. ಇದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಮತ್ತೆ ಕೇಳಿದರೆ, ಅಡುಗೆ ಎಣ್ಣೆಯಿರಬಹುದು ಅಂದಳು. ಪೌಡರ್ ಉದುರಿಸಿ ಒಂದು ಗಂಟೆ ಕಾದರು. ಪೌಡರ್ ಎಣ್ಣೆ ಹೀರದೆ ಬೆಳ್ಳಗೇ ಉಳಿಯಿತು. ಮೂರನೇ ಸಲ ಕೇಳಿದ್ದಕ್ಕೆ ಪೆನ್ನಿನ ಇಂಕು ಅಂದಳು, ಅದೂ ನೆಲ ನೋಡುತ್ತ. ಕಂದು ಕಲೆ ತೋರಿಸಿ ಇಂಕು ಅಂದರೆ ಯಾರು ತಾನೇ ನಂಬುತ್ತಾರೆ?

ಮಾವನಿಗೆ ತಲೆ ಕೆಟ್ಟುಹೋಯಿತು. ಅಂಗಿ ಹಾಳಾದರೆ ಹಾಳಾಗಲಿ. ಗಂಡನಿಗೆ ಹೇಳದ್ದನ್ನೂ ತನಗೆ ಹೇಳುತ್ತಿದ್ದ ಹುಡುಗಿ ಈಗೇಕೆ ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಿದ್ದಾಳೆ? ತಾನೇನು ಮಾಡಿದೆ? ಯೋಚಿಸಿದಷ್ಟೂ ಗೊಂದಲ ಹೆಚ್ಚಿತು. ಬಹಳ ನೋವಾಯಿತು.

ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಲೆಯ ಅಂಚು ತುಕ್ಕಿನ ಹಾಗಿತ್ತು. ಎದೆಯ ಮೇಲೆ ತುಕ್ಕು ಎಲ್ಲಿಂದ ಬರಬೇಕು? ಯಾವುದಕ್ಕೂ ಇರಲಿ ಎಂದು ನೀರು ಬೆರೆಸಿದ ನಿಂಬೆರಸ ತಾಗಿಸಿದರು. ಕಲೆ ಕಣ್ಣೆದುರೇ ತಿಳಿಯಾಗತೊಡಗಿತು.

ಕಬ್ಬಿಣ. ಅಂಗಡಿಗೆ ಇಂಥವು ವರ್ಷಕ್ಕೆ ಒಂದೆರಡು ಬರುತ್ತಿದ್ದವು, ಎಲ್ಲವೂ ಕಬ್ಬಿಣಾಂಶದ ಟಾನಿಕ್ ಚೆಲ್ಲಿಕೊಂಡ ಬಸುರಿಯರ ಬಟ್ಟೆಗಳು.

ಮಾವ ಕುರ್ಚಿಯಲ್ಲಿ ಕೂತರು. ಹಿಂದೆ ಎರಡು ಸಲ ಸುದ್ದಿ ತಿಳಿದ ಕೂಡಲೇ ಬೀದಿಗೆಲ್ಲ ಡಂಗುರ ಸಾರಿದವರು ಇವರೇ. ಎರಡು ಸಲವೂ ಮಗು ಉಳಿಯಲಿಲ್ಲ. ಸಿಕ್ಕಿದವರೆಲ್ಲ ಸಮಾಧಾನ ಹೇಳಲು ಬಂದಿದ್ದಕ್ಕೆ ಸೊಸೆ ವಾರಗಟ್ಟಲೆ ಕೋಣೆಯ ಬಾಗಿಲು ತೆಗೆದಿರಲಿಲ್ಲ. ಇವಳು ಹೆದರಿದ್ದು ಈ ಮಾವನ ಬಾಯಿಗೆ. ಈಗ ಖುಷಿಪಡಬೇಕೋ, ಭಯಪಡಬೇಕೋ, ನಾಚಬೇಕೋ, ಒಂದೂ ತಿಳಿಯಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದು, ಕೊನೆಗೂ ಅದೆಂಥ ಕಲೆ ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ಸೊಸೆಯ ಮುಖ ಬಿಳಿಚಿಕೊಂಡಿತು.

"ಏನೋ ಒಂದು. ನಂಗೆ ಗೊತ್ತಾಗ್ಲೇ ಇಲ್ಲ ಕಣೇ," ಅಂದರು ಮಾವ.

ಮೂವತ್ತು ವರ್ಷ ಏನು ಕತ್ತೆ ಕಾಯ್ತಿದ್ರಾ ಎಂದು ಅತ್ತೆ ನಕ್ಕರು, ಸಂಜೆಯೊಳಗೆ ಪಕ್ಕದ ಮನೆಗೂ ಹೇಳಿ ನಗುತ್ತೇನೆ ಅಂದರು. ಅತ್ತೆ ಒಳಗೆ ಹೋದ ಮೇಲೆ ಸೊಸೆ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತಳು.

"ನಾಲ್ಕನೇ ತಿಂಗಳು, ಮಾವ," ಅಂದಳು.